ಈ ವಾರದ ಪದ: ಕಾವಲು

ಮಕ್ಕಳೇ, ಮೊದಲು ಈ ವಾಕ್ಯ ಓದಿ: ‘ಅಜ್ಜಿ ಒಲೆಯ ಮೇಲೆ ನೀರು ಕಾಯಲು ಇಟ್ಟು, ಬಿಸಿಲಿಗೆ ಹರವಿದ ಹಪ್ಪಳವನ್ನು ಕಾಗೆಗಳಿಂದ ಕಾಯುತ್ತಾ, ಶಾಲೆಯಿಂದ ಬರುವ ಮೊಮ್ಮಗಳಿಗಾಗಿ ಕಾಯುತ್ತಿದ್ದರು.’ ‘ಕಾಯು’ ಮೂರು ಸಲ ಬಂತು. ಮೂರೂ ಒಂದೇ ಪದವೇ?

ಅಲ್ಲ. ನೀರು ‘ಕಾಯುವುದು’ ಎಂದರೆ ಬಿಸಿಯಾಗುವುದು. ‘ಕಾವು’, ‘ಕಾಯಿಸು’ ಅದರ ಬಳಗ. ಹಪ್ಪಳ ಕಾಯುವುದು, ಮೊಮ್ಮಗಳಿಗಾಗಿ ಕಾಯುವುದು, ಇವೆರಡು ಮಾತ್ರ ಒಂದೇ ಬೇರಿನವು. ಕಾವಲು ಕೂತವರು ವಸ್ತುವಿನ ಮೇಲೆ ಕಣ್ಣಿಡುತ್ತಾರೆ, ಎದುರು ನೋಡುವವರು ದಾರಿಯ ಮೇಲೆ ಕಣ್ಣಿಡುತ್ತಾರೆ. ಎರಡಕ್ಕೂ ತಾಳ್ಮೆ ಬೇಕು.

ಈ ‘ಕಾ’, ‘ಕಾಯ್’ ಎಂಬ ಬೇರು ಬಹಳ ಹಳೆಯದು. ಅದರಿಂದಲೇ ಕಾವಲು, ಕಾವಲುಗಾರ, ಕಾಪು, ಕಾಪಾಡು ಹುಟ್ಟಿದವು. ರೈಲಿನಲ್ಲಿ ಸೀಟು ‘ಕಾಯ್ದಿರಿಸುವುದು’ ಕೂಡ ಇದೇ ಮನೆಯ ಮಾತು. ನಮಗಾಗಿ ಒಂದು ಜಾಗವನ್ನು ಕಾದು ಇಡುವುದು ಎಂದರ್ಥ. ‘ಹುಲ್ಲುಗಾವಲು’ ಬಿಡಿಸಿ ನೋಡಿ: ಹುಲ್ಲು + ಕಾವಲು. ಆದೇಶ ಸಂಧಿಯಲ್ಲಿ ‘ಕ’ ಹೋಗಿ ‘ಗ’ ಬಂದಿದೆ. ದನಗಳ ಮೇವಿಗೆಂದು ಕಾಯ್ದಿಟ್ಟ ನೆಲವೇ ಕಾವಲು. ಮೈಸೂರು ಅರಸರ ಕಾಲದ ಅಮೃತ ಮಹಲ್ ಕಾವಲುಗಳು ಅಂಥವೇ. ಬೆಂಗಳೂರಿನ ಕಾವಲ್ ಭೈರಸಂದ್ರದ ಹೆಸರಿನಲ್ಲೂ ಈ ಪದ ಉಳಿದಿದೆ.

ಒಂದು ಪದದ ಬಗ್ಗೆ ಮಾತ್ರ ಹುಷಾರು! ಬ್ಯಾಂಕಿನಲ್ಲಿ ನಾನು ದಿನವೂ ಕೇಳುತ್ತಿದ್ದ ‘ಕಾಯ್ದೆ’ ಈ ಮನೆಯದಲ್ಲ. ಅದು ಅರಬ್ಬಿಯ ‘ಕಾಯಿದಾ’, ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದ ನೆಂಟ.

ಬಂಗಾರಪೇಟೆ ತಾಲ್ಲೂಕಿನ ನಮ್ಮ ಕಾಮಸಮುದ್ರ ಗಡಿಯ ಊರು. ಅತ್ತ ಆಂಧ್ರ, ಇತ್ತ ತಮಿಳುನಾಡು. ಮೂರು ಭಾಷೆ ಕಿವಿಗೆ ಬೀಳುವ ನಮಗೆ ಈ ಪದ ಗಡಿ ದಾಟುವುದು ಚೆನ್ನಾಗಿ ಕಾಣುತ್ತದೆ. ತಮಿಳುನಾಡಿನಲ್ಲಿ ಪೊಲೀಸ್ ಠಾಣೆಯೇ ‘ಕಾವಲ್ ನಿಲೈಯಂ’. ತೆಲುಗಿನವರು ಕಾವಲಿಗೆ ‘ಕಾಪಲಾ’ ಎನ್ನುತ್ತಾರೆ. ಅಕ್ಕತಂಗಿಯರ ಮುಖಚರ್ಯೆಯಂತೆ ಹೋಲಿಕೆ ಎದ್ದು ಕಾಣುತ್ತದೆ.

ಕಾವಲು ನಮ್ಮಲ್ಲಿ ನಿಘಂಟಿನ ಪದ ಮಾತ್ರವಲ್ಲ. ನೆರೆರಾಜ್ಯಗಳ ಕಾಡುಗಳಿಂದ ಕಾಡಾನೆಗಳು ನಮ್ಮ ಹೋಬಳಿಯ ಹೊಲಗಳಿಗೆ ಬರುತ್ತವೆ. ರಾಗಿ, ಟೊಮೆಟೊ, ಬಾಳೆ ಒಂದೇ ರಾತ್ರಿಯಲ್ಲಿ ನೆಲಸಮ. ರೈತ ಅಟ್ಟಣೆ ಹಾಕಿ, ಬೆಂಕಿ ಹಾಕಿ, ತಮಟೆ ಬಡಿದು ರಾತ್ರಿಯೆಲ್ಲ ಹೊಲ ಕಾಯುತ್ತಾನೆ. ಮನೆಯಲ್ಲಿ ಅವನ ಹೆಂಡತಿ ಮಕ್ಕಳು ಅವನಿಗಾಗಿ ಕಾಯುತ್ತಾರೆ. ಪದದ ಎರಡೂ ಅರ್ಥ ಒಂದೇ ರಾತ್ರಿಯಲ್ಲಿ! ಹಾಗೆ ಹೋದವರು ಕೆಲವರು ಬೆಳಿಗ್ಗೆ ಮನೆಗೆ ಮರಳಲಿಲ್ಲ ಎಂಬುದೂ ನಿಜ.

ಇಲ್ಲೇ ಇನ್ನೊಂದು ಪದ ನೆನಪಾಗುತ್ತದೆ. ಹಳಗನ್ನಡದಲ್ಲಿ ‘ಕಾದು’ ಎಂದರೆ ಹೋರಾಡು. ಇಂದಿನ ‘ಕಾದಾಡು’ ಅದರಿಂದಲೇ ಬಂದದ್ದು. ಕಿವಿಗೆ ಕಾಯು, ಕಾದು ಎರಡೂ ಹತ್ತಿರ, ಕೆಲಸದಲ್ಲಿ ದೂರ. ತುರುಗಳನ್ನು ಕಾಯಲು ಕಳ್ಳರೊಡನೆ ಕಾದಾಡಿ ಮಡಿದವರ ವೀರಗಲ್ಲುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಅಂಥ ಕಲ್ಲಿಗೆ ಕೈ ಮುಗಿಯೋಣ. ಆದರೆ ಆನೆಯೊಡನೆ ಕಾದಾಟ ಬೇಡ. ಆನೆ ಬಂತೆಂದರೆ ಕಲ್ಲು ಎಸೆಯುವುದು, ಮೊಬೈಲ್ ಹಿಡಿದು ಹತ್ತಿರ ಓಡುವುದು ಕಾವಲಲ್ಲ. ದೂರ ಸರಿದು, ಅಕ್ಕಪಕ್ಕದವರನ್ನು ಎಬ್ಬಿಸಿ, ಅರಣ್ಯ ಸಿಬ್ಬಂದಿಗೆ ತಿಳಿಸುವುದು ಕಾವಲು. ಬೆಳೆ ಹೋದರೆ ಮತ್ತೆ ಬಿತ್ತಬಹುದು, ಕಾಯುವವನು ಉಳಿಯಬೇಕು.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ತಾತ, ಅಜ್ಜಿ ಚಿಕ್ಕಂದಿನಲ್ಲಿ ಏನೇನು ಕಾಯುತ್ತಿದ್ದರು ಎಂದು ಕೇಳಿ: ಕುರಿಯೋ, ಕಣವೋ, ಮಾವಿನ ತೋಪೋ? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಜ್ಜ ಅಜ್ಜಿಯರೇ, ಮಕ್ಕಳು ಕೇಳಲು ಬಂದಾಗ ಟಿ.ವಿ. ಸ್ವಲ್ಪ ಆರಿಸಿ!