ಹೂದಾನಿಯ ಬುಡದ ಚಿಪ್ಪುಗಳು

ಡಚ್ ಕಲಾವಿದ ಬಾಲ್ತಾಸರ್ ವಾನ್ ಡರ್ ಆಸ್ಟ್ 17ನೇ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಹೂಗಳ ಚಿತ್ರಗಳಲ್ಲಿ ನೋಡುಗರ ಕಣ್ಣು ಮೊದಲು ಟ್ಯೂಲಿಪ್‌ಗೆ ಹೋಗುತ್ತದೆ, ಆಮೇಲೆ ಗುಲಾಬಿಗೆ, ಎಲೆಯ ಮೇಲಿನ ಹುಳುವಿಗೆ. ಮೇಜಿನ ಅಂಚಿನಲ್ಲಿ ಹರಡಿದ ಚಿಪ್ಪುಗಳಿಗೆ ಅದು ಇಳಿಯುವುದು ಕೊನೆಗೆ. ಕಲಾವಿಮರ್ಶೆಯ ರೂಢಿಯ ಓದೂ ಇದೇ ದಾರಿಯದು: ಹೂ ಬಾಡುತ್ತದೆ, ಹುಳು ಕೊರೆಯುತ್ತದೆ, ಬದುಕು ನಶ್ವರ. ವೈರಾಗ್ಯದ ಮಾತಿಗೆ ಬೇಗ ತಲೆದೂಗುವ ಕನ್ನಡ ಮನಸ್ಸಿಗೆ ಈ ವ್ಯಾಖ್ಯಾನ ಸಲೀಸಾಗಿ ಹಿಡಿಸುತ್ತದೆ. ಆದರೆ ಚಿಪ್ಪು ಬಾಡುವುದಿಲ್ಲ. ಅದು ಆ ಮೇಜಿಗೆ ಬಂದದ್ದು ಹಡಗಿನಲ್ಲಿ.

ಇಂಥ ಹೂಗುಚ್ಛಗಳಲ್ಲಿ ಬೇರೆ ಬೇರೆ ಋತುಗಳ ಹೂಗಳು ಒಟ್ಟಿಗೆ ಅರಳಿರುತ್ತವೆ. ಬಿಡಿಬಿಡಿಯಾಗಿ ಬರೆದಿಟ್ಟುಕೊಂಡವನ್ನು ಕಲಾವಿದ ಒಂದೇ ಹೂದಾನಿಗೆ ಜೋಡಿಸುತ್ತಿದ್ದ. ಹೂಗುಚ್ಛ ಕಲ್ಪನೆ, ಚಿಪ್ಪು ಮಾತ್ರ ಸರಕು. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಹಿಂದೂ ಮಹಾಸಾಗರದ ಶಂಖ, ಚಿಪ್ಪುಗಳು ಬಂದಿಳಿದವು. ಶ್ರೀಮಂತ ಸಂಗ್ರಾಹಕರು ಅವುಗಳಿಗೆ ಹಣ ಸುರಿದರು. ಅದೇ ಕಂಪನಿ 1621ರಲ್ಲಿ ಜಾಯಿಕಾಯಿಗಾಗಿ ಬಾಂಡಾ ದ್ವೀಪಗಳ ಬಹುಪಾಲು ಜನರನ್ನು ಕೊಂದಿತು, ಗುಲಾಮರನ್ನಾಗಿಸಿತು, ಇಲ್ಲವೇ ಓಡಿಸಿತು. ಮಾಲ್ಡೀವ್ಸ್‌ನ ಕವಡೆ ಯುರೋಪಿನ ಮೂಲಕ ಪಶ್ಚಿಮ ಆಫ್ರಿಕಾ ತಲುಪಿ, ಅಲ್ಲಿ ಮನುಷ್ಯರನ್ನು ಕೊಳ್ಳುವ ನಾಣ್ಯವಾಯಿತು. ಕವಡೆ ಕಾಸಿನ ಬೆಲೆಯಿಲ್ಲ ಎಂಬ ನಮ್ಮ ನುಡಿಗಟ್ಟು ಆ ಬಂದರುಗಳಲ್ಲಿ ಅಕ್ಷರಶಃ ಕ್ರೂರವಾಗಿ ಕೇಳಿಸುತ್ತಿತ್ತು.

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ದೂರದ ಯುರೋಪಿನ ಕಥೆಯಲ್ಲ. ಈ ಮೂರೂ ನಗರಗಳ ರಾಜ್ಯಗಳ ಕರಾವಳಿಯನ್ನು ಡಚ್ ಹಡಗುಗಳು ಮುಟ್ಟಿದ್ದವು: 1606ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡ್, 1616ರಲ್ಲಿ ಪಶ್ಚಿಮದ ಶಾರ್ಕ್ ಬೇ, 1627ರಲ್ಲಿ ದಕ್ಷಿಣದ ನೌಟ್ಸ್ ದ್ವೀಪಸಮೂಹ. ಪರ್ತ್‌ಗೆ ಹೊಂದಿಕೊಂಡ ಫ್ರೀಮ್ಯಾಂಟಲ್‌ನ ಸಂಗ್ರಹಾಲಯದಲ್ಲಿ 1629ರಲ್ಲಿ ಒಡೆದ 'ಬಟಾವಿಯಾ' ಹಡಗಿನ ಒಡಲ ಭಾಗ ನಿಂತಿದೆ. ಅದರ ಮುಖ್ಯಸ್ಥ ಫ್ರಾನ್ಸಿಸ್ಕೊ ಪೆಲ್ಸಾರ್ಟ್ ಆಗ್ರಾದಲ್ಲಿ ವರ್ಷಗಟ್ಟಲೆ ವ್ಯಾಪಾರ ನಡೆಸಿದ್ದವನು. ಮೊಘಲ್ ದರಬಾರಿಗೆ ಮಾರಲೆಂದು ಪ್ರಾಚೀನ ರೋಮನ್ ಕೆತ್ತನೆಯ ಬೆಲೆಬಾಳುವ ಕಲ್ಲೊಂದನ್ನು ಆ ಹಡಗು ಹೊತ್ತಿತ್ತು. ಬದುಕುಳಿದವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ದಂಗೆಕೋರರು ದ್ವೀಪಗಳಲ್ಲಿ ಕೊಂದರು. ಕಲ್ಲು ಮಾತ್ರ ಉಳಿಯಿತು, ಈಗ ಲೈಡನ್‌ನಲ್ಲಿದೆ. ಬಸರೂರಿನಲ್ಲಿ ಅಕ್ಕಿ ಕೊಳ್ಳಲು ಕೆಳದಿ ಅರಸರೊಂದಿಗೆ ಚೌಕಾಸಿ ನಡೆಸಿದ್ದೂ ಇದೇ ಕಂಪನಿ. ಹಾಗಾಗಿ ಈ ಲೆಕ್ಕದ ಪುಸ್ತಕದಲ್ಲಿ ಕನ್ನಡ ಕರಾವಳಿಗೂ ಒಂದು ಪುಟವಿದೆ.

ಡಚ್ಚರು ಬರುವ ಮೊದಲೂ ಇಲ್ಲಿ ಚಿಪ್ಪುಗಳು ದೂರ ಪ್ರಯಾಣ ಮಾಡುತ್ತಿದ್ದವು. ಕಿಂಬರ್ಲಿ ಕರಾವಳಿಯ ಮುತ್ತಿನ ಚಿಪ್ಪು ಕೈಯಿಂದ ಕೈಗೆ ದಾಟುತ್ತಾ, ಸಾವಿರ ಕಿಲೋಮೀಟರಿಗೂ ಮೀರಿ ಒಳನಾಡಿನ ಮರುಭೂಮಿ ಸೇರುತ್ತಿತ್ತು. ಅಲ್ಲಿ ಅದು ಮಳೆಯನ್ನು ಕರೆಯುವ ವಿಧಿಗಳಲ್ಲಿ ಬಳಕೆಯಾಗುತ್ತಿತ್ತು. ಹಡಗಿಲ್ಲ, ಕಂಪನಿಯಿಲ್ಲ, ಷೇರುದಾರರಿಲ್ಲ. 19ನೇ ಶತಮಾನದಲ್ಲಿ ಅದೇ ಕರಾವಳಿಯ ಮೂಲನಿವಾಸಿಗಳನ್ನು ಬಲವಂತದಿಂದ ಹಿಡಿದು ತಂದು ಮುತ್ತಿನ ಚಿಪ್ಪಿಗಾಗಿ ಕಡಲಿಗೆ ಮುಳುಗಿಸಲಾಯಿತು. ಬ್ರಿಸ್ಬೇನ್‌ನ ಮೋರ್ಟನ್ ಕೊಲ್ಲಿಯಲ್ಲಿ ಮೂಲನಿವಾಸಿಗಳ ತಲೆಮಾರುಗಳ ಊಟದಿಂದ ಬೆಳೆದ ಚಿಪ್ಪಿನ ದಿಬ್ಬಗಳನ್ನು ವಸಾಹತುಗಾರರು ಸುಟ್ಟು ಸುಣ್ಣ ಮಾಡಿಕೊಂಡರು. ಚಿಪ್ಪಿನ ಸುಣ್ಣ ಬಲ್ಲ ಕರಾವಳಿಯ ಕನ್ನಡಿಗರಿಗೆ ಅದರ ತಯಾರಿ ಹೊಸದಲ್ಲ. ಸುಟ್ಟದ್ದು ಇನ್ನೊಬ್ಬರ ಚರಿತ್ರೆಯನ್ನು ಎಂಬುದು ಹೊಸದು.

ಅಡಿಲೇಡ್‌ನ ನಾರ್ತ್ ಟೆರೆಸ್‌ನಲ್ಲಿ ಕಲಾಶಾಲೆ, ದಕ್ಷಿಣ ಆಸ್ಟ್ರೇಲಿಯಾ ಸಂಗ್ರಹಾಲಯ ಅಕ್ಕಪಕ್ಕದಲ್ಲಿವೆ. ಒಂದರಲ್ಲಿ ಯುರೋಪಿನ ಚಿತ್ರಗಳು, ಇನ್ನೊಂದರಲ್ಲಿ ಮೂಲನಿವಾಸಿ ಸಂಸ್ಕೃತಿಗಳ ಬೃಹತ್ ಸಂಗ್ರಹ. ಯುರೋಪಿನವರು ಬರೆದ ಚಿಪ್ಪು ಕಲೆ, ಮೂಲನಿವಾಸಿ ಕೆತ್ತಿದ ಚಿಪ್ಪು ಮಾನವಶಾಸ್ತ್ರ ಎಂಬ ಹಳೆಯ ವಿಂಗಡಣೆಗೆ ಜ್ಞಾನದ ಆಧಾರವಿಲ್ಲ. ಅದು ಅಧಿಕಾರದ ಅಭ್ಯಾಸ. ಹೂಗಳ ಹೆಸರಿಗೆ ಜಾಗವಿರುವ ಫಲಕದಲ್ಲಿ ಚಿಪ್ಪು ಯಾವ ಕಡಲಿನದು, ಯಾರ ಹಡಗಿನಲ್ಲಿ ಬಂತು ಎಂಬುದಕ್ಕೂ ಎರಡು ಸಾಲು ಇರಬೇಕು. ಭಾನುವಾರ ಮಕ್ಕಳನ್ನು ಕಲಾಶಾಲೆಗೆ ಕರೆದೊಯ್ಯುವ ಕನ್ನಡ ಕುಟುಂಬಗಳು ಪಕ್ಕದ ಕಟ್ಟಡಕ್ಕೂ ಹೋಗಲಿ. ಅವೆರಡರ ನಡುವಿನ ದೂರ ಕೆಲವೇ ನಿಮಿಷಗಳ ನಡಿಗೆ.