ವಿನಿಯರ್ ಹಚ್ಚೂದು ಮೋಸ ಅಲ್ರಿ

ನಮ್ಮ ಕಡೆ ಯಾರರ ಮನಿಗೆ ಹೊಸಾ ಕಪಾಟ ಬಂದ್ರ, ನೋಡ್ಲಿಕ್ಕೆ ಬಂದವರು ಮೊದಲ ಬೆರಳ ಮಡಚಿ ಟಕ್ ಟಕ್ ಅಂತ ಬಡದ ನೋಡ್ತಾರ. ಆಮ್ಯಾಲ ಕೇಳೂದು ಒಂದ ಪ್ರಶ್ನೆ, “ಪೂರಾ ಸಾಗವಾನೀನೋ, ಮ್ಯಾಲ ಹಚ್ಚಿದ್ದೋ?” ಹಚ್ಚಿದ್ದು ಅಂದ್ರ ಮುಗೀತು, ಒಂಥರಾ ಮಾರಿ ಮಾಡಿ ಚಹಾ ಕುಡದ ಹೋಗ್ತಾರ. ನಮ್ಮಪ್ಪನೂ ಹಂಗ ಇದ್ದಾ. “ಮ್ಯಾಲ ಥಳಕು, ಒಳಗ ಹುಳುಕು” ಅಂತಿದ್ದಾ. ನಾನೂ ಅದನ್ನ ನಂಬಕೋತ ಬಂದವನ. ಈಗ ರಿಟೈರ್ ಆಗಿ, ಸ್ವಂತ ಕೈಲೇ ವಿನಿಯರ್ ಹಚ್ಚಿದ ಮ್ಯಾಲ ಹೇಳ್ತೇನಿ, ಆ ಮಾತು ಅರ್ಧಾ ಅಷ್ಟ ಖರೆ.

ನಮ್ಮಜ್ಜನ ಮನ್ಯಾಗ ಬೀಟಿ ಕಟ್ಟಿಗೀದು ಒಂದು ತೂಗುಮಣಿ ಇತ್ತು. ಮನಿ ವಾಟ್ನಿ ಆದಾಗ ಹೊಲದ ಸಲುವಾಗಿ ಆಗದ ಜಗಳ ಆ ತೂಗುಮಣಿ ಸಲುವಾಗಿ ಆತು. ಅಣ್ಣ “ನಾ ಹಿರಿಯಾ” ಅಂದಾ. ನಾ “ಅಪ್ಪನ್ನ ಕಡೀತನಕ ನೋಡಿಕೊಂಡಾಂವ ನಾನು” ಅಂದೆ. ತಂಗೀನ್ನ ಯಾರೂ ಕೇಳಲೇ ಇಲ್ಲ. ಕಡೀಕೆ ಅದು ನನ್ನ ಹಿತ್ತಲದಾಗ ಬಂದು ಬಿತ್ತು, ಅಣ್ಣ ನಮ್ಮನಿಗೆ ಬರೂದ ಬಿಟ್ಟಾ. ಹನ್ನೊಂದು ವರ್ಷ. ಬಿಸಲು ಮಳಿಗೆ ಸೀಳಿದ್ದನ್ನ ಕೊಯ್ದು ಒಗದ ಮ್ಯಾಲ ಉಳದದ್ದು 27 ಇಂಚ ಉದ್ದ, 10 ಇಂಚ ಅಗಲ, 1 ಇಂಚ ದಪ್ಪದ ಒಂದ ತುಂಡು.

ಅದರೊಳಗ ಮೂರ ಡ್ರಾ ಇರೋ ಒಂದು ಸಣ್ಣ ಪೆಟ್ಟಿಗಿ ಮಾಡಬೇಕು, ಅದೂ ಮುಂದಿನ ಮೈ ಸಪಾಟ ಅಲ್ಲ, ಹೊಟ್ಟಿ ಉಬ್ಬಿದಂಗ ಬಾಗಿರಬೇಕು ಅಂತ ನನ್ನ ಆಶಾ. ಲೆಕ್ಕಾ ಹಾಕಿದೆ. 18 ಇಂಚ ಅಗಲದ ಡ್ರಾಕ್ಕ ಒಂದೂವರಿ ಇಂಚ ಉಬ್ಬು ಬೇಕಂದ್ರ, ಗಟ್ಟಿ ಕಟ್ಟಿಗ್ಯಾಗ ಎರಡೂವರಿ ಇಂಚ ದಪ್ಪದ ತುಂಡು ಬೇಕು. ಅದರಾಗ ಹೆಚ್ಚಿನದೆಲ್ಲಾ ಕೆತ್ತಿ ಒಲಿಗೆ ಹಾಕೂದು. ನನ್ನ ಹಲಗಿಯೊಳಗ ಒಂದ ಡ್ರಾನೂ ಆಗಂಗಿಲ್ಲ. ಹೊಸಾ ಬೀಟಿ ತರ್ತೇನಿ ಅಂದ್ರ ಅದೇನು ಸಂತ್ಯಾಗ ಸಿಗೂ ಬದನಿಕಾಯಲ್ಲ. 2017ರಿಂದ ಅದರ ಇಡೀ ಕುಲಾನ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯೊಳಗ ಅದ.

ಆವಾಗ ಹಲಗೀನ್ನ ಬ್ಯಾಂಡ್ ಸಾ ಮ್ಯಾಲ ಹಾಳಿ ಹಾಳಿ ಸೀಳಿಸಿದೆ. ಒಂದೊಂದು ಹಾಳಿ 2 ಮಿಲಿಮೀಟರ್. ಗರಗಸ ತಿನ್ನೂದು, ನಾವು ಕೀಸೂದು ಕೂಡಿ ಇನ್ನೊಂದೂವರಿ ಪುಡಿ ಆಗ್ತದ. ಏಳು ಹಾಳಿ ಸಿಕ್ಕವು. ಅಕ್ಕಪಕ್ಕದ ಎರಡು ಹಾಳೀನ್ನ ಪುಸ್ತಕ ತಗದಂಗ ತಗದು ಜೋಡಿಸಿದ್ರ ಒಂದು ಪೆಟ್ಟಿಗಿ ಮುಂದಿನ ಮೈ ತುಂಬತದ. ಆರು ಹಾಳಿ ಅಂದ್ರ ಮೂರು ಪೆಟ್ಟಿಗಿ. ನಾವು ಮಕ್ಕಳೂ ಮೂರ ಮಂದಿ. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

ಕೆಲಸಾ ಏನು ಹಗರಿಲ್ಲ ಬಿಡ್ರಿ. ಮೊದಲ ಬಾಗಿದ ಅಚ್ಚು ಮಾಡಬೇಕು. ಅದರ ಮ್ಯಾಲ ಬಾಗೂವಂಥಾ ತೆಳ್ಳಗಿನ ಪ್ಲೈ ನಾಕೈದು ಪದರ ಅಂಟ ಹಚ್ಚಿ, ಕ್ಲಾಂಪ್ ಬಿಗದು ರಾತ್ರಿಯಿಡೀ ಬಿಡಬೇಕು. ಅಂಟು ಒಣಗಿದ್ರ ಪದರ ಒಂದರ ಮ್ಯಾಲೊಂದು ಜಾರಂಗಿಲ್ಲ, ಅದಕ್ಕ ಬಾಗಿದ್ದು ಬಾಗಿದಂಗ ಉಳೀತದ. ಅಚ್ಚಿನಿಂದ ತಗದ ಕೂಡ್ಲೆ ಚೂರು ಬಿಚ್ಚಿಕೋತದ, ಅದಕ್ಕ ಅಚ್ಚನ್ನ ಒಂಚೂರು ಹೆಚ್ಚಿಗೀನ ಬಾಗಸಬೇಕು. ಬೀಟಿ ಹಾಳಿ ಹೊರಗ ಹಚ್ಚಿದ್ರ ಒಳಮೈಗೂ ಅಷ್ಟ ದಪ್ಪದ ಇನ್ನೊಂದು ಹಾಳಿ ಹಚ್ಚಬೇಕು. ಒಂದ ಕಡೆ ಅಷ್ಟ ಹಚ್ಚಿದ್ರ ಬಿಸಲಿಗೆ ಹಾಕಿದ ಹಪ್ಪಳಧಂಗ ಸೊಟ್ಟ ಆಗ್ತದ. ಆಮ್ಯಾಲ ಆ ಇಡೀ ಬಾಗಿದ ಹಲಗೀನ್ನ ಅಡ್ಡಕ್ಕ ಮೂರು ತುಂಡು ಕೊಯ್ದ್ರ ಮೂರು ಡ್ರಾದ ಮಾರಿ. ಮ್ಯಾಲಿನ ಡ್ರಾದಾಗ ಶುರು ಆದ ಕಟ್ಟಿಗಿ ಗೆರಿ ಕೆಳಗಿನ ಡ್ರಾತನಕ ಹರದ ಹೋಗ್ತದ.

ಈಗ ಹೇಳ್ರಿ, ಇದು ಮೋಸ ಹೆಂಗ ಆಗ್ತದ? ನಾವು ಹೋಳಿಗಿ ಮಾಡ್ತೇವಿ. ಕಣಕ ತೆಳ್ಳಗ ಇದ್ದಷ್ಟು ಮಾಡಿದಾಕಿನ್ನ ಹೊಗಳ್ತೇವಿ, ‘ಒಳಗ ಬ್ಯಾರೆ ಏನೋ ಇಟ್ಟಾಳ’ ಅಂತ ಬೈಯಂಗಿಲ್ಲ. ಈಜಿಪ್ತದಾಗ 1922ರೊಳಗ ಸಿಕ್ಕ ತುತನ್‌ಖಾಮನ್ ರಾಜನ ಗೋರಿಯ ಸಾಮಾನಿಗೂ ಕರಿಮರ, ಆನಿದಂತದ ತೆಳ್ಳನ ಪದರ ಹಚ್ಚಿದ್ರು. ರಾಜಾಗ ಏನು ಕಟ್ಟಿಗಿ ಕಡಮಿ ಇತ್ತೇನ್ರಿ?

ಅಪ್ಪನ ಮಾತು ಅರ್ಧಾ ಖರೆ ಅಂದೆ. ಭೂಸಾ ಒತ್ತಿ ಮಾಡಿದ ಹಲಗಿ ಮ್ಯಾಲ ಕಟ್ಟಿಗಿ ಚಿತ್ರದ ಕಾಗದ ಅಂಟಿಸಿ ‘ಸಾಗವಾನಿ’ ಅಂತ ಮಾರೂದು ಮೋಸನ. ನಮ್ಮನ್ಯಾಗೂ ಅಂಥಾದ್ದೊಂದು ಬಂದಿತ್ತು, ನೆಲಾ ಒರಸೂ ನೀರು ತಾಗಿ ಎರಡು ಮಳಿಗಾಲದಾಗ ಕಾಲು ಬಾತು ಹೋತು. ಆದ್ರ ತಪ್ಪು ಪದರದ್ದಲ್ಲ, ಸುಳ್ಳಿಂದು. ಇನ್ನಮ್ಯಾಲ ಅಂಗಡಿಗೆ ಹೋದ್ರ ‘ಪೂರಾ ಏನು?’ ಅಂತ ಕೇಳಬ್ಯಾಡ್ರಿ. ಒಳಗೇನದ, ಒಳಮೈಗೂ ಹಚ್ಚೀರೇನು, ಅಂಚು ಹೆಂಗ ಮುಚ್ಚೀರಿ ಅಂತ ಕೇಳ್ರಿ, ಡ್ರಾ ಹೊರಗೆಳದು ಹಿಂದಿನ ಮೈ ನೋಡ್ರಿ.

ಎರಡನೇ ಪೆಟ್ಟಿಗಿ ಮಾಡೂಮುಂದ ನಾಲ್ಕನೇ ಹಾಳಿ ಉದ್ದಕ್ಕ ಸೀಳತು. ಮೂರನೇದಕ್ಕ ಏಳನೇದನ್ನ ಜೋಡಿಸಿದೆ. ಗೆರಿ ಸರಿ ಕೂಡಲಿಲ್ಲ, ನಡುವ ಬೈತಲಿ ತಪ್ಪಿಧಂಗ ಕಾಣ್ತದ. ಅದನ್ನ ನಾ ಇಟಗೊಂಡೆ. ಒಂದನ್ನ ತಂಗಿ ಮನಿಗೆ ಮುಟ್ಟಿಸಿದೆ. ಇನ್ನೊಂದನ್ನ ಆಟೋದಾಗ ಹಾಕ್ಕೊಂಡು ಅಣ್ಣನ ಮನಿ ಮುಂದ ಇಳದೆ.

ಅಣ್ಣ ಕುಂದ್ರು ಅನ್ನಲಿಲ್ಲ. ಬಗ್ಗಿ, ಬೆರಳ ಮಡಚಿ ಟಕ್ ಟಕ್ ಅಂತ ಬಡದಾ.

“ಪೂರಾ ಬೀಟಿ ಅಲ್ಲಲ್ಲೋ ಇದು?”

“ಅಲ್ಲಣ್ಣಾ. ಪೂರಾ ಅಂದಿದ್ರ ಒಬ್ಬರಿಗೂ ಆಗ್ತಿದ್ದಿಲ್ಲ.”

ಮ್ಯಾಲಿನ ಡ್ರಾ ಎಳದಾ, ಒಳಮೈ ಮುಟ್ಟಿ ನೋಡಿದಾ, ಹಾಕಿದಾ. ಆಮ್ಯಾಲ ಒಳಗಿನವರಿಗೆ ಕೇಳೂಹಂಗ, “ಇನ್ನೊಂದ ಕಪ್ ಚಹಾ ಇಡು” ಅಂದಾ.