ಮಳೆಗೆ ತೊಳೆದುಹೋಗದ ವಾಸನೆ

ಇಲಿ ಬೋನಿಗೆ ಸುಟ್ಟ ಕೊಬ್ಬರಿ ಚೂರು ಸಿಗಿಸೋದನ್ನು ನಿಮ್ಮಲ್ಲಿ ಹಲವರು ನೋಡಿರ್ತೀರಿ. ಬಿಸಿಗೆ ಎಣ್ಣೆ ಹೊರಬಂದು ಘಮ್ ಅನ್ನುತ್ತೆ, ಕತ್ತಲಲ್ಲೂ ಇಲಿಗೆ ದಾರಿ ಸಿಗುತ್ತೆ. ಕೆಲಸಕ್ಕಾಗಿ ನ್ಯೂಜಿಲೆಂಡ್‌ನ ಪಶ್ಚಿಮ ಕರಾವಳಿಗೆ ಬಂದ ನಾನು, ಶನಿವಾರಗಳಲ್ಲಿ ಸ್ವಯಂಸೇವಕರ ಜೊತೆ ಕಾಡಿನ ಬೋನುಗಳನ್ನು ನೋಡಿಕೊಳ್ಳೋಕೆ ಹೋಗ್ತೀನಿ. ಅಲ್ಲೂ ಇದೇ ಲೆಕ್ಕ. ಆದರೆ ಅಲ್ಲಿ ಮಳೆಯನ್ನೂ ಗೆಲ್ಲಬೇಕು.

ಬೋನು ಯಾಕೆ ಅಂತೀರಾ? ಬಾವಲಿ ಬಿಟ್ಟರೆ ಈ ದೇಶದ ನೆಲದ ಮೇಲೆ ಮೂಲದಲ್ಲಿ ಸಸ್ತನಿಗಳೇ ಇರಲಿಲ್ಲ. 1837ರಲ್ಲಿ ತುಪ್ಪಳದ ವ್ಯಾಪಾರಕ್ಕೆಂದು ಆಸ್ಟ್ರೇಲಿಯಾದಿಂದ ಪಾಸಮ್ ತಂದರು. 1880ರ ದಶಕದಲ್ಲಿ ಮೊಲದ ಕಾಟ ತಡೆಯಲು ಸ್ಟೋಟ್ ಬಂತು. ನೋಡೋಕೆ ಸಣ್ಣ ಮುಂಗುಸಿಯ ಹಾಗಿರುವ ಬೇಟೆಗಾರ ಅದು. ಹಾರಲಾರದ ಕಿವಿ ಹಕ್ಕಿಯ ಮರಿ, ಸುಮಾರು 1 ಕೆ.ಜಿ. ತೂಗುವವರೆಗೂ ಅದಕ್ಕೆ ಸುಲಭದ ತುತ್ತು.

ಇಲ್ಲಿನ ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6 ಮೀಟರ್‌ಗೂ ಹೆಚ್ಚು ಮಳೆ. ನಮ್ಮ ಆಗುಂಬೆಯ ಪಕ್ಕದಲ್ಲಿ ನಿಲ್ಲಿಸಬಹುದು. ಪಾಸಮ್ ಸೆಳೆಯಲು ಹಿಟ್ಟು, ಸಕ್ಕರೆ ಪುಡಿ ಬೆರೆಸಿ ಮರದ ಬುಡಕ್ಕೆ ಬಳಿಯೋದು ಹಳೇ ಪದ್ಧತಿ. ಒಣ ಹವೆಗೆ ಚೆಂದ. ಒಂದು ಜೋರು ಮಳೆ ಬಂದರೆ ಸಕ್ಕರೆ ಕರಗಿ, ಹಿಟ್ಟು ಗಂಜಿಯಾಗಿ ಹರಿದುಹೋಗುತ್ತೆ. ಅದಕ್ಕೇ ಕಡಲೆಕಾಯಿ ಬೆಣ್ಣೆಯಂಥ ಜಿಡ್ಡಿನ ಪದಾರ್ಥ ಬೇಕು. ಜಿಡ್ಡು ನೀರಲ್ಲಿ ಕರಗಲ್ಲ, ವಾಸನೆ ಉಳಿಯುತ್ತೆ.

ಸ್ಟೋಟ್‌ಗೆ ಮಾಂಸ ಇಷ್ಟ. ಆದರೆ ತೇವಕ್ಕೆ ಮಾಂಸ ಬೇಗ ಬೂಷ್ಟು ಹಿಡಿಯುತ್ತೆ. ಹಾಗಾಗಿ ಮರದ ಪೆಟ್ಟಿಗೆಯೊಳಗೆ ಇಡೀ ಮೊಟ್ಟೆ ಇಡ್ತೀವಿ. ಚಿಪ್ಪೇ ಅದರ ರೇನ್‌ಕೋಟ್. ಇನ್ನೂ ಸ್ವಾರಸ್ಯದ ಸಂಗತಿ ಕೇಳಿ. ಸ್ಟೋಟ್‌ಗಿಂತ ದೊಡ್ಡದಾದ, ಅದನ್ನೇ ಹೆದರಿಸಬಲ್ಲ ಫೆರೆಟ್‌ನ ಮೈವಾಸನೆಗೆ ಸ್ಟೋಟ್ ಓಡಿಹೋಗೋ ಬದಲು ಹತ್ತಿರ ಬರುತ್ತೆ ಅಂತ ಇಲ್ಲಿನ ಸಂಶೋಧಕರು ಕಂಡುಕೊಂಡಿದ್ದಾರೆ.

ವಾಸನೆ ಎಲ್ಲರನ್ನೂ ಕರೆಯುತ್ತೆ ಅನ್ನೋದೇ ತೊಡಕು. ಕಿವಿ ಹಕ್ಕಿ ಆಹಾರ ಹುಡುಕೋದೂ ಮೂಗಿನಿಂದಲೇ. ಅದರ ಮೂಗಿನ ಹೊಳ್ಳೆ ಇರೋದು ಕೊಕ್ಕಿನ ತುದಿಯಲ್ಲಿ. ಅದಕ್ಕೆ ಪೆಟ್ಟಿಗೆಯ ಬಾಯಿ ಸಣ್ಣದಿರಬೇಕು. ಕಿವಿ ಓಡಾಡೋ ಕಡೆ ಪಾಸಮ್‌ನ ಕಾಲು ಹಿಡಿಯುವ ಬೋನನ್ನು ನೆಲದಿಂದ 70 ಸೆಂ.ಮೀ. ಮೇಲೆ ಕಟ್ಟಬೇಕು. ಎಂಥ ವಾಸನೆ ಅನ್ನೋದಕ್ಕಿಂತ ಎಲ್ಲಿ, ಎಷ್ಟು ಎತ್ತರದಲ್ಲಿ ಅನ್ನೋದಕ್ಕೇ ನಮ್ಮ ಹೆಚ್ಚು ಹೊತ್ತು ಹೋಗುತ್ತೆ.

ಸತ್ತ ಪಾಸಮ್‌ನ ತುಪ್ಪಳ ಮೆರಿನೋ ಉಣ್ಣೆ ಜೊತೆ ಸೇರಿ ಕಾಲುಚೀಲ, ಕೈಗವಸು ಆಗುವುದುಂಟು. ಹಾಗಂತ ಮನಸ್ಸು ಹಗುರಾಗಲ್ಲ. "ಮೊಟ್ಟೆ ಮುಟ್ಟದ ಮನೇಲಿ ಬೆಳೆದವಳು ನೀನು, ಪಾಪ ಬರಲ್ವೇನೇ?" ಅಂತ ತೀರ್ಥಹಳ್ಳಿಯಿಂದ ಅಮ್ಮ ಫೋನಲ್ಲಿ ಕೇಳ್ತಾರೆ. ಆ ಸ್ಟೋಟ್ ತಾನಾಗಿ ಸಮುದ್ರ ದಾಟಿ ಬಂದಿಲ್ಲ, ನಿಜ. ಆದರೆ ನಾನು ಕೈ ಕಟ್ಟಿ ಕೂತರೂ ಸಾವು ನಿಲ್ಲಲ್ಲ ಕಣಮ್ಮ, ಸಾಯೋದು ಕಿವಿ ಮರಿ ಆಗುತ್ತೆ ಅಷ್ಟೇ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೇಗ ಪ್ರಾಣ ಹೋಗೋ ಬೋನೇ ಇಡು" ಅಂದರು. ಸ್ಟೋಟ್‌ಗೆ ನಾವು ಇಡೋದು ಅಂಥದ್ದೇ.